ಪೋರ್ಟ್ ಸೆಕ್ಯುರಿಟಿಯಿಂದ ಮುಚ್ಚಿಕೊಂಡ ಸ್ವಿಚ್ ಪೋರ್ಟ್: ಕಾರಣ ಪತ್ತೆ ಮತ್ತು ಪರಿಹಾರ

ಕಂಪ್ಯೂಟರಿಗೆ ನೆಟ್‌ವರ್ಕ್ ಸಿಗುತ್ತಿಲ್ಲ, ಕೇಬಲ್ ಬದಲಿಸಿ ನೋಡಿದರೂ ಪ್ರಯೋಜನವಾಗಿಲ್ಲ, ಸ್ವಿಚ್ಚಿನಲ್ಲಿ (ಕಂಪ್ಯೂಟರುಗಳ ಕೇಬಲುಗಳು ಬಂದು ಸೇರುವ ನೆಟ್‌ವರ್ಕ್ ಸಾಧನದಲ್ಲಿ) ಆ ಪೋರ್ಟಿನ ದೀಪ ಹಸಿರಿನ ಬದಲು ಕಿತ್ತಳೆ ಬಣ್ಣಕ್ಕೆ ತಿರುಗಿದೆ ಎಂಬ ದೂರು ಬಂದಾಗ ಮೊದಲು ಅನುಮಾನಿಸಬೇಕಾದ ಸಂಗತಿಗಳಲ್ಲಿ ಪೋರ್ಟ್ ಸೆಕ್ಯುರಿಟಿಯೂ ಒಂದು. ಒಂದು ಪೋರ್ಟಿನ ಮೂಲಕ ಎಷ್ಟು ಮ್ಯಾಕ್ ವಿಳಾಸಗಳು (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗಳು), ಬೇಕೆಂದರೆ ಯಾವ ಯಾವ ಮ್ಯಾಕ್ ವಿಳಾಸಗಳು ಒಳಬರಬಹುದು ಎಂಬುದನ್ನು ನಿರ್ಬಂಧಿಸುವ ಈ ಸೌಲಭ್ಯವು, ನಿರ್ಬಂಧ ಮೀರಿದ ಕೂಡಲೇ, ಬೇರೇನೂ ಹೇಳಿಕೊಡದಿದ್ದರೆ, ಪೋರ್ಟನ್ನೇ ಮುಚ್ಚಿಬಿಡುತ್ತದೆ. ಇಲ್ಲಿ ಹೇಳಿರುವುದೆಲ್ಲ ಸಿಸ್ಕೊ ಕಂಪನಿಯ ಕ್ಯಾಟಲಿಸ್ಟ್ ಸ್ವಿಚ್ಚುಗಳಿಗೆ, ಅಂದರೆ ಐಓಎಸ್ ಅಥವಾ ಐಓಎಸ್ ಎಕ್ಸ್‌ಇ ತಂತ್ರಾಂಶದಲ್ಲಿ ನಡೆಯುವ ಸ್ವಿಚ್ಚುಗಳಿಗೆ ಅನ್ವಯಿಸುತ್ತದೆ. ಬೇರೆ ಕಂಪನಿಗಳ ಸ್ವಿಚ್ಚುಗಳಲ್ಲಿ ಕಮಾಂಡುಗಳು ಬೇರೆಯಾದರೂ ಹುಡುಕುವ ಕ್ರಮ ಬಹುಮಟ್ಟಿಗೆ ಇದೇ.

ಪೋರ್ಟ್ ತೆರೆಯುವ ಮುನ್ನ

ಇಂಥ ದೂರು ಬಂದ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ: ಸ್ವಿಚ್ಚಿಗೆ ಲಾಗಿನ್ ಆಗಿ, ಆ ಪೋರ್ಟಿಗೆ ‘ಶಟ್‌ಡೌನ್’ ಕೊಟ್ಟು, ಮರುಕ್ಷಣ ‘ನೋ ಶಟ್‌ಡೌನ್’ ಕೊಡುವುದು. ಪೋರ್ಟ್ ಏನೋ ತೆರೆದುಕೊಳ್ಳುತ್ತದೆ. ಕಾರಣ ಮಾತ್ರ ಇದ್ದಲ್ಲೇ ಇರುವುದರಿಂದ ಸ್ವಲ್ಪ ಹೊತ್ತಿನಲ್ಲೇ ಅದೇ ದೂರು ಮತ್ತೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದೇನೆಂದರೆ, ಪೋರ್ಟ್ ಮತ್ತೆ ತೆರೆದು ಹೊಸ ಸಂಚಾರ ಶುರುವಾದ ಮೇಲೆ, ಹಿಂದಿನ ಉಲ್ಲಂಘನೆಯ ಕುರಿತು ಪೋರ್ಟು ಇಟ್ಟುಕೊಂಡಿದ್ದ ಮಾಹಿತಿ ಅಳಿಸಿಹೋಗಬಹುದು. ಆದ್ದರಿಂದ ಏನನ್ನೂ ಮುಟ್ಟುವ ಮೊದಲು ಮೂರು ಕಮಾಂಡುಗಳ ಉತ್ತರವನ್ನು ನಕಲಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯದು ‘ಶೋ ಇಂಟರ್‌ಫೇಸಸ್ ಸ್ಟೇಟಸ್ ಎರ್-ಡಿಸೇಬಲ್ಡ್’. ಪೋರ್ಟು ದೋಷದ ಕಾರಣದಿಂದ ಮುಚ್ಚಿದೆಯೇ, ಮುಚ್ಚಿದ್ದರೆ ಯಾವ ಕಾರಣಕ್ಕೆ ಎಂಬುದು ಇಲ್ಲಿ ಕಾಣುತ್ತದೆ. ಕಾರಣದ ಜಾಗದಲ್ಲಿ ‘ಪಿಸೆಕ್ಯೂರ್-ವಯಲೇಷನ್’ ಎಂದಿದ್ದರೆ ಮಾತ್ರ ಇದು ಪೋರ್ಟ್ ಸೆಕ್ಯುರಿಟಿಯ ಕೆಲಸ. ‘ಬಿಪಿಡಿಯುಗಾರ್ಡ್’, ‘ಲಿಂಕ್-ಫ್ಲ್ಯಾಪ್’, ‘ಯುಡಿಎಲ್‌ಡಿ’ ಮುಂತಾದವು ಇದ್ದರೆ ದೀಪದ ಬಣ್ಣ ಒಂದೇ ಆದರೂ ರೋಗ ಬೇರೆ, ಮದ್ದೂ ಬೇರೆ. ಕಿತ್ತಳೆ ದೀಪ ನೋಡಿದ ಮಾತ್ರಕ್ಕೆ ಪೋರ್ಟ್ ಸೆಕ್ಯುರಿಟಿಯನ್ನೇ ತೆಗೆದುಹಾಕುವವರು ಈ ಒಂದು ಸಾಲನ್ನು ಓದಿರುವುದಿಲ್ಲ.

ಎರಡನೆಯದು ‘ಶೋ ಲಾಗಿಂಗ್’. ಇದರಲ್ಲಿ ಜೋಡಿಯಾಗಿ ಬರುವ ಎರಡು ಸಂದೇಶಗಳನ್ನು ಹುಡುಕಬೇಕು. ‘ಪಿಎಂ-4-ಎರ್_ಡಿಸೇಬಲ್’ ಎಂದು ಆರಂಭವಾಗುವ ಸಂದೇಶವು ಪೋರ್ಟನ್ನು ಮುಚ್ಚಲಾಗಿದೆ ಎಂದಷ್ಟೇ ಹೇಳುತ್ತದೆ. ‘ಪೋರ್ಟ್_ಸೆಕ್ಯುರಿಟಿ-2-ಪಿಸೆಕ್ಯೂರ್_ವಯಲೇಷನ್’ ಎಂಬುದು ಯಾವ ಮ್ಯಾಕ್ ವಿಳಾಸದಿಂದ ಯಾವ ಪೋರ್ಟಿನಲ್ಲಿ ಉಲ್ಲಂಘನೆ ಆಯಿತು ಎಂಬುದನ್ನೂ ತಿಳಿಸುತ್ತದೆ. ನಮಗೆ ಬೇಕಾದುದು ಆ ಮ್ಯಾಕ್ ವಿಳಾಸ. ಸ್ವಿಚ್ಚಿಗೆ ಎಸ್‌ಎಸ್‌ಎಚ್ ಮೂಲಕ (ದೂರದಿಂದಲೇ ಲಾಗಿನ್ ಆಗಿ) ಹೋಗಿದ್ದರೆ ‘ಟರ್ಮಿನಲ್ ಮಾನಿಟರ್’ ಕೊಡದ ಹೊರತು ಹೊಸ ಸಂದೇಶಗಳು ಪರದೆಯ ಮೇಲೆ ಬರುವುದಿಲ್ಲ ಎಂಬುದನ್ನೂ, ಸ್ವಿಚ್ಚಿನ ಗಡಿಯಾರ ಸರಿಯಿಲ್ಲದಿದ್ದರೆ ಲಾಗಿನ ಸಮಯವನ್ನು ನಂಬಲಾಗದು ಎಂಬುದನ್ನೂ ಗಮನದಲ್ಲಿಡಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ‘ಶೋ ಪೋರ್ಟ್-ಸೆಕ್ಯುರಿಟಿ ಇಂಟರ್‌ಫೇಸ್’ ಮತ್ತು ಅದರ ಮುಂದೆ ಪೋರ್ಟಿನ ಸಂಖ್ಯೆ. ಉದಾಹರಣೆಗೆ 1/0/22ನೆಯ ಪೋರ್ಟಿಗೆ ಇದನ್ನು ಕೊಟ್ಟಾಗ ಹೀಗೆ ಉತ್ತರ ಬಂದಿದೆ ಎನ್ನೋಣ:

ಪೋರ್ಟ್ ಸೆಕ್ಯುರಿಟಿ: ಎನೇಬಲ್ಡ್
ಪೋರ್ಟ್ ಸ್ಟೇಟಸ್: ಸೆಕ್ಯೂರ್-ಶಟ್‌ಡೌನ್
ವಯಲೇಷನ್ ಮೋಡ್: ಶಟ್‌ಡೌನ್
ಏಜಿಂಗ್ ಟೈಮ್: 0 ಮಿನ್ಸ್
ಮ್ಯಾಕ್ಸಿಮಮ್ ಮ್ಯಾಕ್ ಅಡ್ರೆಸಸ್: 1
ಟೋಟಲ್ ಮ್ಯಾಕ್ ಅಡ್ರೆಸಸ್: 1
ಸ್ಟಿಕ್ಕಿ ಮ್ಯಾಕ್ ಅಡ್ರೆಸಸ್: 1
ಲಾಸ್ಟ್ ಸೋರ್ಸ್ ಅಡ್ರೆಸ್:ವಿಲ್ಯಾನ್: 0050.5612.3456:10
ಸೆಕ್ಯುರಿಟಿ ವಯಲೇಷನ್ ಕೌಂಟ್: 1

ಇದರಲ್ಲಿ ‘ಲಾಸ್ಟ್ ಸೋರ್ಸ್ ಅಡ್ರೆಸ್’ ಎಂಬ ಸಾಲು ಪೋರ್ಟಿಗೆ ಕೊನೆಯದಾಗಿ ಬಂದ ಫ್ರೇಮಿನ (ನೆಟ್‌ವರ್ಕಿನಲ್ಲಿ ಸಾಗುವ ದತ್ತಾಂಶದ ಒಂದು ಕಂತೆಯ) ಮೂಲವನ್ನೂ ಅದರ ವಿಲ್ಯಾನನ್ನೂ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್ ವಿಭಾಗವನ್ನೂ) ತೋರಿಸುತ್ತದೆ. ಪೋರ್ಟು ಮುಚ್ಚಿದ ಸ್ಥಿತಿಯಲ್ಲಿರುವಾಗ ಅದು ಸಾಮಾನ್ಯವಾಗಿ ಉಲ್ಲಂಘನೆಗೆ ಕಾರಣವಾದ ಯಂತ್ರವೇ ಆಗಿರುತ್ತದೆ. ಅದನ್ನು ಲಾಗಿನಲ್ಲಿರುವ ವಿಳಾಸದೊಂದಿಗೆ ತಾಳೆ ನೋಡಬೇಕು.

ಆ ವಿಳಾಸ ಯಾರದ್ದು?

ಸಿಸ್ಕೊ ಸ್ವಿಚ್ಚು ಮ್ಯಾಕ್ ವಿಳಾಸವನ್ನು ನಾಲ್ಕು ನಾಲ್ಕು ಅಂಕಿಗಳ ಮೂರು ಗುಂಪುಗಳಾಗಿ ಚುಕ್ಕೆ ಇಟ್ಟು ಬರೆಯುತ್ತದೆ. ವಿಂಡೋಸ್ ಅದೇ ವಿಳಾಸವನ್ನು ಎರಡೆರಡು ಅಂಕಿಗಳ ಆರು ಗುಂಪುಗಳಾಗಿ ಅಡ್ಡಗೆರೆ ಹಾಕಿ ಬರೆಯುತ್ತದೆ. 0050.5612.3456 ಮತ್ತು 00-50-56-12-34-56 ಒಂದೇ ವಿಳಾಸ. ಬಳಕೆದಾರರ ಕಂಪ್ಯೂಟರಿನಲ್ಲಿ ‘ಗೆಟ್‌ಮ್ಯಾಕ್’ ಅಥವಾ ‘ಐಪಿಕಾನ್ಫಿಗ್ /ಆಲ್’ ಕೊಟ್ಟು, ಲಿನಕ್ಸ್ ಆದರೆ ‘ಐಪಿ ಲಿಂಕ್’ ಕೊಟ್ಟು, ಎರಡೂ ಕಡೆಯ ವಿಳಾಸಗಳನ್ನು ಹೋಲಿಸಬೇಕು. ಹೋಲಿಕೆ ಆಗದಿದ್ದರೆ ಆ ಪೋರ್ಟಿನ ಹಿಂದೆ ಇನ್ನೊಂದು ಯಂತ್ರವಿದೆ ಎಂದರ್ಥ.

ಆ ಇನ್ನೊಂದು ಯಂತ್ರ ಯಾವುದೆಂದು ಊಹಿಸಲು ವಿಳಾಸದ ಮೊದಲ ಅರ್ಧವೇ ಸಾಕಾಗುತ್ತದೆ. ಮೊದಲ 24 ಬಿಟ್‌ಗಳು ತಯಾರಕರಿಗೆ ಐಇಇಇ ಸಂಸ್ಥೆ ಹಂಚಿಕೊಟ್ಟ ಗುರುತು. ಮೇಲಿನ ಉದಾಹರಣೆಯ 0050.56 ಎಂಬ ಆರಂಭ ವಿಎಂವೇರ್‌ನದು. ಅಂದರೆ ಆ ಮೇಜಿನ ಕಂಪ್ಯೂಟರಿನೊಳಗೆ ಯಾರೋ ವರ್ಚುವಲ್ ಯಂತ್ರವೊಂದನ್ನು (ತಂತ್ರಾಂಶದಲ್ಲೇ ನಡೆಯುವ ಇನ್ನೊಂದು ಕಂಪ್ಯೂಟರನ್ನು) ‘ಬ್ರಿಡ್ಜ್ಡ್’ ಕ್ರಮದಲ್ಲಿ ನಡೆಸುತ್ತಿದ್ದಾರೆ, ಒಂದೇ ಕೇಬಲಿನಲ್ಲಿ ಎರಡು ಮ್ಯಾಕ್ ವಿಳಾಸಗಳು ಬರುತ್ತಿವೆ. ಅದನ್ನು ‘ನ್ಯಾಟ್’ ಕ್ರಮಕ್ಕೆ ಬದಲಿಸಿದರೆ ಹೊರಗೆ ಕಾಣುವುದು ಕಂಪ್ಯೂಟರಿನ ವಿಳಾಸ ಒಂದೇ. 0800.27 ಎಂದು ಆರಂಭವಾದರೆ ಅದು ವರ್ಚುವಲ್‌ಬಾಕ್ಸ್. ಇನ್ನು ವಿಳಾಸದ ಎರಡನೆಯ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಬರೆದ ವಿಳಾಸವಲ್ಲ, ತಂತ್ರಾಂಶ ತಾನೇ ಹುಟ್ಟಿಸಿಕೊಂಡದ್ದು. ಅಂಥ ಕಡೆ ತಯಾರಕರ ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ. ಮನೆಯಲ್ಲಿ ಬಳಸುವ ವೈಫೈ ರೌಟರ್ ತಯಾರಕರ ಗುರುತು ಸಿಕ್ಕರೆ ಮೇಜಿನ ಕೆಳಗೆ ಬಗ್ಗಿ ನೋಡುವುದು ಒಳಿತು.

ಉಲ್ಲಂಘನೆಗೆ ಇರುವುದು ಎರಡೇ ದಾರಿ

ಸ್ವಿಚ್ಚು ಎರಡು ಸಂದರ್ಭಗಳಲ್ಲಿ ಮಾತ್ರ ಉಲ್ಲಂಘನೆ ಎಂದು ತೀರ್ಮಾನಿಸುತ್ತದೆ. ಪೋರ್ಟಿನ ಗರಿಷ್ಠ ಸಂಖ್ಯೆ ತುಂಬಿದ ಮೇಲೆ ಹೊಸ ಮ್ಯಾಕ್ ವಿಳಾಸವೊಂದು ಬಂದರೆ ಅದು ಮೊದಲನೆಯದು. ಒಂದು ಪೋರ್ಟಿನಲ್ಲಿ ಸುರಕ್ಷಿತವೆಂದು ನೋಂದಾಯಿತವಾದ ವಿಳಾಸ, ಅದೇ ವಿಲ್ಯಾನಿನಲ್ಲಿರುವ ಮತ್ತೊಂದು ಸುರಕ್ಷಿತ ಪೋರ್ಟಿನಲ್ಲಿ ಕಾಣಿಸಿಕೊಂಡರೆ ಅದು ಎರಡನೆಯದು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ. ಗಂಟೆಗಟ್ಟಲೆ ತಲೆ ಕೆಡಿಸುವುದು ಎರಡನೆಯದು, ಏಕೆಂದರೆ ತಪ್ಪು ಇರುವ ಪೋರ್ಟು ಒಂದು, ಮುಚ್ಚಿಕೊಳ್ಳುವ ಪೋರ್ಟು ಇನ್ನೊಂದು.

ಇವೆರಡರಲ್ಲಿ ಯಾವುದೆಂದು ತಿಳಿಯಲು ‘ಶೋ ಪೋರ್ಟ್-ಸೆಕ್ಯುರಿಟಿ ಅಡ್ರೆಸ್’ ಕೊಡಬೇಕು. ಸ್ವಿಚ್ಚಿನಲ್ಲಿರುವ ಎಲ್ಲ ಸುರಕ್ಷಿತ ವಿಳಾಸಗಳೂ ಅವುಗಳ ಪೋರ್ಟುಗಳೂ ಇದರಲ್ಲಿ ಸಿಗುತ್ತವೆ. ಉಲ್ಲಂಘನೆ ಮಾಡಿದ ವಿಳಾಸವನ್ನು ಈ ಪಟ್ಟಿಯಲ್ಲಿ ಹುಡುಕಿದಾಗ ಬೇರೆ ಪೋರ್ಟಿನ ಹೆಸರಿನಲ್ಲಿ ಸಿಕ್ಕರೆ ಎರಡನೆಯ ಕಾರಣ. ಎಲ್ಲಿಯೂ ಸಿಗದಿದ್ದರೆ ಮೊದಲನೆಯದು. ಸಾಮಾನ್ಯ ಮ್ಯಾಕ್ ಕೋಷ್ಟಕದಲ್ಲಿ (ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಎಂಬ ಸ್ವಿಚ್ಚಿನ ಪಟ್ಟಿಯಲ್ಲಿ) ಸುರಕ್ಷಿತ ವಿಳಾಸಗಳು ‘ಸ್ಟ್ಯಾಟಿಕ್’ ಎಂದು ತೋರುತ್ತವೆ. ಅದನ್ನು ಕಂಡು ಯಾರೋ ಕೈಯಿಂದ ವಿಳಾಸ ಬರೆದಿಟ್ಟಿದ್ದಾರೆ ಎಂದು ಭಾವಿಸುವುದು ಬೇಡ.

ಮೇಜು ಬದಲಾದಾಗ ಸ್ಟಿಕ್ಕಿ ವಿಳಾಸಗಳ ಗೋಜಲು

ಕಚೇರಿಗಳಲ್ಲಿ ಬರುವ ದೂರುಗಳಲ್ಲಿ ದೊಡ್ಡ ಪಾಲು ಇದರದ್ದೇ ಎಂದು ಈ ಲೇಖಕನ ಅನುಭವ. ‘ಸ್ಟಿಕ್ಕಿ’ ಕ್ರಮದಲ್ಲಿ ಸ್ವಿಚ್ಚು ಪೋರ್ಟಿಗೆ ಮೊದಲು ಬಂದ ವಿಳಾಸವನ್ನು ಕಲಿತು, ಅದನ್ನು ಚಾಲ್ತಿಯಲ್ಲಿರುವ ಕಾನ್ಫಿಗರೇಷನ್ನಿಗೆ ಒಂದು ಸಾಲಾಗಿ ಸೇರಿಸಿಬಿಡುತ್ತದೆ. ತಾನಾಗಿ ಕಲಿತ ಸಾಮಾನ್ಯ ವಿಳಾಸಗಳು ಕೇಬಲ್ ಕಿತ್ತ ಕೂಡಲೇ ಮರೆಯಾಗುತ್ತವೆ. ಸ್ಟಿಕ್ಕಿ ವಿಳಾಸಗಳು ಮರೆಯಾಗುವುದಿಲ್ಲ, ಏಜಿಂಗ್ ಸಮಯ (ವಿಳಾಸವನ್ನು ಎಷ್ಟು ಹೊತ್ತಿನ ಮೇಲೆ ಮರೆಯಬೇಕೆಂಬ ಅವಧಿ) ಕೊಟ್ಟಿದ್ದರೂ ಅವುಗಳಿಗೆ ಅದು ತಾಗುವುದಿಲ್ಲ.

ಇಬ್ಬರು ಸಿಬ್ಬಂದಿ ತಮ್ಮ ಕಂಪ್ಯೂಟರುಗಳ ಸಮೇತ ಜಾಗ ಅದಲುಬದಲು ಮಾಡಿಕೊಂಡರು ಎನ್ನೋಣ. ಒಂದು ಕಂಪ್ಯೂಟರ್ 1/0/14ರಿಂದ 1/0/22ಕ್ಕೆ ಬಂತು, ಇನ್ನೊಂದು 1/0/22ರಿಂದ 1/0/14ಕ್ಕೆ ಹೋಯಿತು. ಎರಡೂ ಪೋರ್ಟುಗಳು ಮುಚ್ಚಿಕೊಳ್ಳುತ್ತವೆ. ಮೊದಲು ಫೋನ್ ಮಾಡಿದವರು 22ರ ಮೇಜಿನವರು. ತಂತ್ರಜ್ಞರು 22ರ ಸ್ಟಿಕ್ಕಿ ವಿಳಾಸವನ್ನು ‘ಕ್ಲಿಯರ್ ಪೋರ್ಟ್-ಸೆಕ್ಯುರಿಟಿ ಸ್ಟಿಕ್ಕಿ ಇಂಟರ್‌ಫೇಸ್’ ಮೂಲಕ ಅಳಿಸಿ, ಪೋರ್ಟ್ ತೆರೆದರು. ಮರುಕ್ಷಣವೇ ಅದು ಮತ್ತೆ ಮುಚ್ಚಿತು. ಈಗ ಪೋರ್ಟಿನ ವಿವರ ನೋಡಿದರೆ ಗರಿಷ್ಠ ಸಂಖ್ಯೆ 1, ಒಟ್ಟು ವಿಳಾಸ 0, ಸ್ಟಿಕ್ಕಿ 0, ಆದರೂ ಉಲ್ಲಂಘನೆ 1. ಖಾಲಿ ಪೋರ್ಟಿನಲ್ಲಿ ಮಿತಿ ಮೀರುವುದು ಹೇಗೆ ಸಾಧ್ಯ ಎಂದು ತಂತ್ರಾಂಶದ ಮೇಲೆ ಅನುಮಾನ ಬರುವುದು ಇಲ್ಲಿಯೇ. ಮಿತಿ ಮೀರಿಲ್ಲ, ಬಂದ ಕಂಪ್ಯೂಟರಿನ ವಿಳಾಸ ಇನ್ನೂ 14ರ ಹೆಸರಿನಲ್ಲಿ ನೋಂದಾಯಿತವಾಗಿದೆ, ಆ ಪೋರ್ಟು ಮುಚ್ಚಿದ್ದರೂ ನೋಂದಣಿ ಉಳಿದಿದೆ. ಆದ್ದರಿಂದ ಯಂತ್ರ ಹೊಸದಾಗಿ ಬಂದ ಪೋರ್ಟಿನಷ್ಟೇ ಮುಖ್ಯವಾಗಿ ಅದು ಬಿಟ್ಟುಬಂದ ಪೋರ್ಟಿನ ವಿಳಾಸವನ್ನೂ ಅಳಿಸಬೇಕು, ಆಮೇಲೆ ಪೋರ್ಟ್ ತೆರೆಯಬೇಕು. ಸ್ಥಳಾಂತರದ ಪಟ್ಟಿ ಮೊದಲೇ ಐಟಿ ವಿಭಾಗದ ಕೈಗೆ ಬಂದರೆ ಈ ಕೆಲಸ ಹಿಂದಿನ ದಿನವೇ ಮುಗಿಯುತ್ತದೆ, ಆದರೆ ಅಂಥ ಪಟ್ಟಿ ಬರುವ ಕಚೇರಿಗಳು ವಿರಳ.

ಇನ್ನೊಂದು ತೊಡಕು ಉಳಿಸುವುದಕ್ಕೆ ಸಂಬಂಧಿಸಿದ್ದು. ಅಳಿಸುವಿಕೆ ನಡೆಯುವುದು ಚಾಲ್ತಿ ಕಾನ್ಫಿಗರೇಷನ್ನಿನಲ್ಲಿ ಮಾತ್ರ. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಡದೆ ಬಿಟ್ಟರೆ, ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟು ಸ್ವಿಚ್ಚು ಹೊಸದಾಗಿ ಎದ್ದಾಗ, ಅಳಿಸಿದ್ದ ಹಳೆಯ ವಿಳಾಸಗಳು ಮರಳಿ ಬರುತ್ತವೆ. ಬೆಳಿಗ್ಗೆ ಒಟ್ಟಿಗೇ ಹಲವು ಮೇಜುಗಳಿಂದ ದೂರು ಬಂದು, ಹಿಂದಿನ ದಿನ ಯಾರೂ ಏನನ್ನೂ ಬದಲಿಸಿಲ್ಲ ಎಂದಾದರೆ ಸ್ವಿಚ್ಚು ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದೆ ಎಂದು ‘ಶೋ ವರ್ಷನ್’ನಲ್ಲಿ ನೋಡಬೇಕು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು: ಸ್ಟಿಕ್ಕಿ ವಿಳಾಸಗಳನ್ನು ಒಮ್ಮೆಯೂ ಉಳಿಸದಿದ್ದರೆ ಪ್ರತಿ ಮರುಚಾಲನೆಯಲ್ಲೂ ಮೊದಲು ಬಂದ ಯಂತ್ರವೇ ಅಧಿಕೃತವಾಗುತ್ತದೆ. ಅದು ದೂರಾಗಿ ಬರುವುದಿಲ್ಲ, ಭದ್ರತಾ ಲೋಪವಾಗಿ ಸುಮ್ಮನೆ ಕೂತಿರುತ್ತದೆ.

ಫೋನ್, ಡಾಕ್, ಮೇಜಿನ ಮೇಲಿನ ಪುಟ್ಟ ಸ್ವಿಚ್ಚು

ಐಪಿ ಫೋನಿನ ಮೂಲಕ ಕಂಪ್ಯೂಟರ್ ಜೋಡಿಸಿರುವ ಪೋರ್ಟಿನಲ್ಲಿ ಗರಿಷ್ಠ ಸಂಖ್ಯೆ 1 ಆಗಿದ್ದರೆ ಉಲ್ಲಂಘನೆ ಖಚಿತ. ಕನಿಷ್ಠ 2 ಬೇಕು. ಕೆಲವು ಹಳೆಯ ಸ್ವಿಚ್ಚುಗಳಲ್ಲಿ ಫೋನು ಮೊದಲು ಡೇಟಾ ವಿಲ್ಯಾನಿನಲ್ಲಿ ಮಾತನಾಡಿ, ಆಮೇಲೆ ವಾಯ್ಸ್ ವಿಲ್ಯಾನಿಗೆ ಹೋಗುವಾಗ ಅದರ ವಿಳಾಸ ಎರಡೂ ಕಡೆ ಲೆಕ್ಕಕ್ಕೆ ಸೇರಬಹುದು. ಅಲ್ಲಿ 3 ಇಟ್ಟರೆ ತೊಂದರೆಯಿಲ್ಲ. ಫೋನು ಚಾಲೂ ಆದ ಹೊತ್ತಿನಲ್ಲಿ ಮಾತ್ರ ಪೋರ್ಟ್ ಮುಚ್ಚುತ್ತದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ.

ಫೋನಿನಿಂದ ಇನ್ನೊಂದು ಸೂಕ್ಷ್ಮ ತೊಂದರೆ ಇದೆ. ಫೋನಿನ ಹಿಂದಿನಿಂದ ಲ್ಯಾಪ್‌ಟಾಪ್ ಕಿತ್ತರೂ ಫೋನು ಮತ್ತು ಸ್ವಿಚ್ಚಿನ ನಡುವಿನ ಲಿಂಕು ಬೀಳುವುದಿಲ್ಲ. ಹಾಗಾಗಿ ಸ್ಟಿಕ್ಕಿ ಅಲ್ಲದ ವಿಳಾಸವೂ ಅಲ್ಲಿಯೇ ಉಳಿಯುತ್ತದೆ. ಅದೇ ಲ್ಯಾಪ್‌ಟಾಪನ್ನು ಸಭಾ ಕೊಠಡಿಯ ಪೋರ್ಟಿಗೆ ಚುಚ್ಚಿದಾಗ ಮೇಲೆ ಹೇಳಿದ ಎರಡನೆಯ ಬಗೆಯ ಉಲ್ಲಂಘನೆ ಆಗುತ್ತದೆ. ಇದಕ್ಕೆ ಮದ್ದು ಏಜಿಂಗ್. ಸಮಯವನ್ನು ನಿಮಿಷಗಳಲ್ಲಿ, 1440ರವರೆಗೆ ಕೊಡಬಹುದು. ಕೊಡದಿದ್ದರೆ 0, ಅಂದರೆ ಏಜಿಂಗ್ ಇಲ್ಲ. ಬಗೆಯನ್ನು ‘ಇನ್ಆಕ್ಟಿವಿಟಿ’ ಎಂದು ಬದಲಿಸುವುದು ಮುಖ್ಯ, ಏಕೆಂದರೆ ಮೂಲತಃ ಇರುವ ‘ಆಬ್ಸಲ್ಯೂಟ್’ ಬಗೆಯಲ್ಲಿ ಯಂತ್ರ ಮಾತನಾಡುತ್ತಿದ್ದರೂ ಅವಧಿ ಮುಗಿದ ಕೂಡಲೇ ವಿಳಾಸ ತೆಗೆದುಹಾಕಲ್ಪಡುತ್ತದೆ.

ಡಾಕಿಂಗ್ ಸ್ಟೇಷನ್‌ಗಳು ಬಂದ ಮೇಲೆ ಹೊಸ ಗೊಂದಲ ಸೇರಿಕೊಂಡಿದೆ. ಯುಎಸ್‌ಬಿ-ಸಿ ಡಾಕಿನೊಳಗೆ ಅದರದ್ದೇ ನೆಟ್‌ವರ್ಕ್ ಚಿಪ್ಪೂ ಅದಕ್ಕೊಂದು ಮ್ಯಾಕ್ ವಿಳಾಸವೂ ಇರುತ್ತದೆ. ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ ‘ಮ್ಯಾಕ್ ಅಡ್ರೆಸ್ ಪಾಸ್-ಥ್ರೂ’ ಚಾಲೂ ಇದ್ದರೆ ಡಾಕಿನ ವಿಳಾಸದ ಬದಲು ಲ್ಯಾಪ್‌ಟಾಪಿನ ವಿಳಾಸ ಹೊರಬೀಳುತ್ತದೆ. ಒಂದೇ ಮೇಜನ್ನು ಪಾಳಿಯಲ್ಲಿ ಹಲವರು ಬಳಸುವ ಕಡೆ, ಒಬ್ಬರ ಲ್ಯಾಪ್‌ಟಾಪಿನಲ್ಲಿ ಇದು ಚಾಲೂ ಇದ್ದು ಇನ್ನೊಬ್ಬರದ್ದರಲ್ಲಿ ಇಲ್ಲದಿದ್ದರೆ, ಬೆಳಿಗ್ಗೆ ಸರಿಯಿದ್ದ ಪೋರ್ಟು ಮಧ್ಯಾಹ್ನದ ಪಾಳಿಗೆ ಮುಚ್ಚಿಕೊಳ್ಳುತ್ತದೆ. ಹಾಗೆ ಹಂಚಿಕೊಳ್ಳುವ ಮೇಜುಗಳಿಗೆ ಸ್ಟಿಕ್ಕಿ ಕ್ರಮ ಹೊಂದುವುದೇ ಇಲ್ಲ.

ಒಂದು ಸಾಕೆಟ್ ಸಾಲದೆ ಯಾರೋ ತಂದಿಟ್ಟ ಐದು ಪೋರ್ಟಿನ ಪುಟ್ಟ ಸ್ವಿಚ್ಚಿನ ಕುರಿತು ಹೆಚ್ಚು ಹೇಳಬೇಕಾಗಿಲ್ಲ: ಅದನ್ನು ತೆಗೆಸಬೇಕು, ಇಲ್ಲವೇ ಅನುಮತಿ ಕೊಟ್ಟು ಗರಿಷ್ಠ ಸಂಖ್ಯೆ ಹೆಚ್ಚಿಸಬೇಕು. ಅದರಿಂದ ಎರಡು ಸಾಕೆಟ್‌ಗಳಿಗೂ ಕೇಬಲ್ ಹೋಗಿದ್ದರೆ ಮಾತ್ರ ವಿಷಯ ಗಂಭೀರ. ಆಗ ಒಂದು ಪೋರ್ಟಿನ ವಿಳಾಸ ಇನ್ನೊಂದರಲ್ಲಿ ಕಾಣಿಸಿ ಉಲ್ಲಂಘನೆಯಂತೆ ತೋರಿದರೂ ನಿಜವಾದ ದೋಷ ಲೂಪ್, ಅಂದರೆ ಸಂಚಾರ ಒಂದೇ ವರ್ತುಲದಲ್ಲಿ ಸುತ್ತುತ್ತಲೇ ಇರುವುದು.

ದೀಪ ಹಸಿರು, ನೆಟ್‌ವರ್ಕ್ ಇಲ್ಲ

ಪೋರ್ಟು ಮುಚ್ಚಿಲ್ಲ, ಲಿಂಕು ಇದೆ, ಆದರೆ ಕಂಪ್ಯೂಟರಿಗೆ ಡಿಎಚ್‌ಸಿಪಿಯಿಂದ (ಐಪಿ ವಿಳಾಸ ಹಂಚುವ ಸೇವೆಯಿಂದ) ವಿಳಾಸ ಬರದೆ 169.254 ಎಂದು ಆರಂಭವಾಗುವ ವಿಳಾಸ ತಾನೇ ಹಾಕಿಕೊಂಡಿದೆ ಎಂದಾದರೆ ವಯಲೇಷನ್ ಮೋಡ್ ಯಾವುದೆಂದು ನೋಡಬೇಕು. ‘ರಿಸ್ಟ್ರಿಕ್ಟ್’ ಆಗಿದ್ದರೆ ಸ್ವಿಚ್ಚು ಹೆಚ್ಚುವರಿ ವಿಳಾಸದ ಫ್ರೇಮುಗಳನ್ನು ಬೀಳಿಸಿ, ಲಾಗಿನಲ್ಲಿ ಬರೆದು, ಎಣಿಕೆಯನ್ನು ಏರಿಸುತ್ತದೆ. ಎಣಿಕೆ ಏರುತ್ತಿರುವುದೇ ಸಾಕ್ಷಿ. ‘ಪ್ರೊಟೆಕ್ಟ್’ ಆಗಿದ್ದರೆ ಬೀಳಿಸುತ್ತದೆ ಅಷ್ಟೆ. ಲಾಗ್ ಇಲ್ಲ, ಎಸ್‌ಎನ್‌ಎಂಪಿ ಟ್ರ್ಯಾಪ್ (ನಿಗಾ ವ್ಯವಸ್ಥೆಗೆ ಹೋಗುವ ಎಚ್ಚರಿಕೆ) ಇಲ್ಲ, ಎಣಿಕೆಯೂ 0ಯಲ್ಲೇ ನಿಲ್ಲುತ್ತದೆ. ಆ ಪೋರ್ಟಿನಲ್ಲಿ ಒಟ್ಟು ವಿಳಾಸಗಳ ಸಂಖ್ಯೆ ಗರಿಷ್ಠಕ್ಕೆ ಸಮವಾಗಿದ್ದು, ದೂರು ಕೊಟ್ಟ ಕಂಪ್ಯೂಟರಿನ ವಿಳಾಸ ಅವುಗಳಲ್ಲಿ ಇಲ್ಲದಿರುವುದು ಮಾತ್ರ ಅಲ್ಲಿ ಸಿಗುವ ಸುಳಿವು. ದೋಷ ಹುಡುಕುವವರ ದೃಷ್ಟಿಯಿಂದ ‘ಪ್ರೊಟೆಕ್ಟ್’ನಷ್ಟು ಕಿರಿಕಿರಿಯ ಕ್ರಮ ಇನ್ನೊಂದಿಲ್ಲ, ಹಲವು ವಿಲ್ಯಾನುಗಳನ್ನು ಹೊರುವ ಟ್ರಂಕ್ ಪೋರ್ಟಿನಲ್ಲಿ ಇದನ್ನು ಬಳಸಬಾರದೆಂದು ಸಿಸ್ಕೊ ಕೂಡ ಹೇಳುತ್ತದೆ.

ತಿರುಗಾಮುರುಗಾ ದೂರೂ ಬರುವುದುಂಟು: ಯಾವ ಯಂತ್ರ ತಂದು ಚುಚ್ಚಿದರೂ ಪೋರ್ಟು ತಡೆಯುತ್ತಲೇ ಇಲ್ಲ. ಆಗ ವಿವರದ ಮೊದಲ ಸಾಲು ‘ಡಿಸೇಬಲ್ಡ್’ ಎಂದಿರುತ್ತದೆ. ಗರಿಷ್ಠ ಸಂಖ್ಯೆ, ಮೋಡ್, ಸ್ಟಿಕ್ಕಿ ಎಲ್ಲವನ್ನೂ ಬರೆದು, ಮುಂದೆ ಯಾವ ಪದವೂ ಇಲ್ಲದ ‘ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ’ ಎಂಬ ಸಾಲನ್ನು ಬಿಟ್ಟಿರುತ್ತಾರೆ. ಸೌಲಭ್ಯ ಚಾಲೂ ಆಗುವುದು ಆ ಸಾಲಿನಿಂದಲೇ. ಆ ಸಾಲನ್ನು ಕೊಟ್ಟಾಗ ಪೋರ್ಟು ‘ಡೈನಮಿಕ್’ ಎಂದು ಸ್ವಿಚ್ಚು ನಿರಾಕರಿಸಿದರೆ ಮೊದಲು ‘ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್’ ಕೊಡಬೇಕು.

ತಾನಾಗಿ ತೆರೆದುಕೊಳ್ಳುವ ವ್ಯವಸ್ಥೆ ಮತ್ತು ಹೊಂದುವ ಕಾನ್ಫಿಗರೇಷನ್

‘ಎರ್‌ಡಿಸೇಬಲ್ ರಿಕವರಿ ಕಾಸ್ ಪಿಸೆಕ್ಯೂರ್-ವಯಲೇಷನ್’ ಕೊಟ್ಟರೆ ಮುಚ್ಚಿದ ಪೋರ್ಟು ನಿಗದಿತ ಸಮಯದ ನಂತರ ತಾನೇ ತೆರೆದುಕೊಳ್ಳುತ್ತದೆ. ಸ್ವಿಚ್ಚು ಬಂದಾಗ ಇದು ಚಾಲೂ ಇರುವುದಿಲ್ಲ. ಚಾಲೂ ಮಾಡಿದರೆ ಅವಧಿ 300 ಸೆಕೆಂಡು, ಬೇಕಾದರೆ 30ರಿಂದ 86400ರವರೆಗೆ ಬದಲಿಸಬಹುದು. ದೂರದ ಶಾಖೆಗಳಲ್ಲಿ ಇದರಿಂದ ಅನುಕೂಲವಿದೆ. ಆದರೆ ಕಾರಣ ಹಾಗೆಯೇ ಉಳಿದಿದ್ದರೆ ಪೋರ್ಟು ಐದು ನಿಮಿಷಕ್ಕೊಮ್ಮೆ ತೆರೆದು ಮುಚ್ಚುತ್ತಿರುತ್ತದೆ, ಬಳಕೆದಾರರು ‘ನೆಟ್ ಬಂದು ಬಂದು ಹೋಗುತ್ತದೆ’ ಎನ್ನುತ್ತಾರೆ, ತಂತ್ರಜ್ಞರು ಕೇಬಲನ್ನು ಅನುಮಾನಿಸುತ್ತಾರೆ. ಅಂಥ ದೂರಿನಲ್ಲಿ ಲಾಗಿನ ಸಂದೇಶಗಳು ಸಮ ಅಂತರದಲ್ಲಿವೆಯೇ ಎಂದು ಮೊದಲು ನೋಡಬೇಕು.

ಸಾಮಾನ್ಯ ಕಚೇರಿ ಮೇಜಿಗೆ ಸ್ಟಿಕ್ಕಿ ಮತ್ತು ಶಟ್‌ಡೌನ್‌ಗಿಂತ, ‘ರಿಸ್ಟ್ರಿಕ್ಟ್’ ಮೋಡ್, ಫೋನಿದ್ದರೆ 2 ಅಥವಾ 3ರ ಗರಿಷ್ಠ ಸಂಖ್ಯೆ, ಕೆಲವು ನಿಮಿಷಗಳ ಇನ್ಆಕ್ಟಿವಿಟಿ ಏಜಿಂಗ್ ಹೆಚ್ಚು ಹೊಂದುತ್ತದೆ. ಸಿಸ್ಕೊ ತನ್ನ ಸ್ವಿಚ್ಚುಗಳಲ್ಲಿ ಕೊಡುತ್ತಿದ್ದ ‘ಸಿಸ್ಕೊ-ಡೆಸ್ಕ್‌ಟಾಪ್’ ಎಂಬ ಸಿದ್ಧ ಮ್ಯಾಕ್ರೊದಲ್ಲಿ (ಕಮಾಂಡುಗಳ ಕಟ್ಟಿನಲ್ಲಿ) ಇದ್ದದ್ದೂ ಒಂದು ವಿಳಾಸ, ರಿಸ್ಟ್ರಿಕ್ಟ್ ಮತ್ತು 2 ನಿಮಿಷದ ಇನ್ಆಕ್ಟಿವಿಟಿ. ಸಾವಿರಾರು ನಕಲಿ ವಿಳಾಸಗಳನ್ನು ಸುರಿದು ಸ್ವಿಚ್ಚಿನ ಮ್ಯಾಕ್ ಕೋಷ್ಟಕ ತುಂಬಿಸುವ ದಾಳಿಯನ್ನು ಇದು ಚೆನ್ನಾಗಿಯೇ ತಡೆಯುತ್ತದೆ. ಯಾವ ವ್ಯಕ್ತಿಯ ಯಂತ್ರ ಎಂದು ಗುರುತಿಸುವುದು ಇದರ ಕೆಲಸವಲ್ಲ, ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಗುರುತಿಸುವ ಕೆಲಸಕ್ಕೆ 802.1ಎಕ್ಸ್ ಎಂಬ ದೃಢೀಕರಣ ವ್ಯವಸ್ಥೆ ಇದೆ. ಜಾಗ ಬಿಟ್ಟು ಕದಲದ ಪ್ರಿಂಟರ್, ಹಾಜರಾತಿ ಯಂತ್ರ, ಕ್ಯಾಮೆರಾಗಳ ಪೋರ್ಟಿಗೆ ಸ್ಟಿಕ್ಕಿಯನ್ನೂ ಶಟ್‌ಡೌನನ್ನೂ ಧಾರಾಳವಾಗಿ ಬಳಸಬಹುದು. ಸರ್ವರುಗಳ ಪೋರ್ಟಿನಿಂದ ಮಾತ್ರ ಪೋರ್ಟ್ ಸೆಕ್ಯುರಿಟಿಯನ್ನು ದೂರವಿಡುವುದು ಲೇಸು: ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಒಂದಾಗಿ ದುಡಿಸುವ ಟೀಮಿಂಗ್ ಇದ್ದಾಗ, ವರ್ಚುವಲ್ ಯಂತ್ರ ಒಂದು ಸರ್ವರಿನಿಂದ ಇನ್ನೊಂದಕ್ಕೆ ಚಾಲನೆಯಲ್ಲೇ ಸಾಗಿದಾಗ, ವಿಳಾಸ ಪೋರ್ಟು ಬದಲಿಸುವುದು ಅಲ್ಲಿನ ಸಹಜ ನಡೆ, ಸ್ವಿಚ್ಚಿಗೆ ಅದು ಉಲ್ಲಂಘನೆ.

ಕಾರಣ ತಿಳಿದು ಸರಿಪಡಿಸಿದ ಮೇಲೆ ‘ಶಟ್‌ಡೌನ್’, ‘ನೋ ಶಟ್‌ಡೌನ್’ ಕೊಟ್ಟು, ಪೋರ್ಟಿನ ಸ್ಥಿತಿ ‘ಸೆಕ್ಯೂರ್-ಅಪ್’ ಆಗಿದೆಯೇ, ವಿಳಾಸಗಳ ಪಟ್ಟಿಯಲ್ಲಿ ಸರಿಯಾದ ಯಂತ್ರ ಸರಿಯಾದ ವಿಲ್ಯಾನಿನಲ್ಲಿ ಬಂದಿದೆಯೇ ಎಂದು ನೋಡಬೇಕು. ಫೋನಿರುವ ಮೇಜಾದರೆ ಫೋನನ್ನು ಒಮ್ಮೆ ಆರಿಸಿ ಹಚ್ಚಿ, ಅದು ಪೂರ್ತಿ ಎದ್ದು ನಿಂತ ಮೇಲೆ ಉಲ್ಲಂಘನೆಯ ಎಣಿಕೆ ಏರಿಲ್ಲವೆಂದು ಖಚಿತಪಡಿಸಿಕೊಂಡು, ಆನಂತರ ಕಾನ್ಫಿಗರೇಷನ್ ಉಳಿಸಿ ದೂರನ್ನು ಮುಗಿಸಬಹುದು.